ಮಂಡ್ಯ ಸೀಮೆಯ ವಿಜ್ಞಾನ: ಯಂತ್ರ ಬಂತು, ವಿಚಾರ ಬಂತೇ?

ವಿಜ್ಞಾನ ಅಂದರೆ ಈಗ ನೀಟ್, ಸಿಇಟಿ, ಕೋಚಿಂಗ್ ಸೆಂಟರಿನ ಫ್ಲೆಕ್ಸು. ಮದ್ದೂರು, ಮಳವಳ್ಳಿಯಲ್ಲೂ ಅದೇ ಮಾತು. ರ‍್ಯಾಂಕ್ ಬಂದರೆ ವಿಜ್ಞಾನ ಬಂತು ಎಂದು ನಂಬಿದವರಿಗೆ ಈ ಜಿಲ್ಲೆಯ ಹಿಂದಿನ ಹಾದಿಯನ್ನು ನೆನಪಿಸಬೇಕಾಗಿದೆ.

ಇಲ್ಲಿಗೆ ವಿಜ್ಞಾನ ಮೊದಲು ಬಂದದ್ದು ಯಂತ್ರವಾಗಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ನೇರ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆಮೇಲೆ ಕನ್ನಂಬಾಡಿ ಕಟ್ಟೆ, ನಾಲೆ, ಕೋಲ್ಮನ್ ಸಾಹೇಬರು ಮುಂದೆ ನಿಂತು ಕಟ್ಟಿಸಿದ ಸಕ್ಕರೆ ಕಾರ್ಖಾನೆ; ಗದ್ದೆಗೆ ನೀರು, ಕೈಗೆ ಕಾಸು. ಅತ್ತ ಬೆಂಗಳೂರಿನಲ್ಲಿ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದರು. ಎರಡೇ ವರ್ಷಕ್ಕೆ ನಿಂತಿತು. ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳ ಸಂಪುಟಗಳನ್ನು ಒಂಟಿಯಾಗಿ ಬರೆದರು. ದೊಡ್ಡ ಕೆಲಸಗಳೇ. ಆದರೂ ಅವು ಹೆಚ್ಚಾಗಿ ತಿಳಿವಳಿಕೆ ಹಂಚಿದವು. ಅದನ್ನು ಒರೆಗೆ ಹಚ್ಚುವ ಅಭ್ಯಾಸ ಶಾಲೆಗೆ ಇಳಿಯಲಿಲ್ಲ.

ಆ ಅಭ್ಯಾಸವನ್ನು ನಮ್ಮ ಪೀಳಿಗೆಯ ಮೇಷ್ಟ್ರುಗಳಿಗೆ ಹತ್ತಿಸಿದವರು ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆಂದೇ ಅವರು ಸಮಿತಿ ರಚಿಸಿದರು. ಅದರಿಂದ ಯಾವ ಬಾಬಾ ಬದಲಾದರು ಎಂದು ಕೊಂಕು ತೆಗೆಯುವವರು ಈಗಲೂ ಇದ್ದಾರೆ. ಫಿಸಿಕ್ಸ್ ಮೇಷ್ಟ್ರೊಬ್ಬರು ಎಲ್ಲರೆದುರು ಪುರಾವೆ ಕೇಳಿದರಲ್ಲ, ನಮಗೆ ಅಷ್ಟು ಸಾಕಾಗಿತ್ತು. ಅದೇ ವರ್ಷದ 42ನೇ ತಿದ್ದುಪಡಿಯಿಂದ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯವೂ ಆಯಿತು. 1978ರಲ್ಲಿ ‘ಬಾಲ ವಿಜ್ಞಾನ’ ಮಾಸಪತ್ರಿಕೆ, 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿದವು. ಜೆ.ಆರ್. ಲಕ್ಷ್ಮಣರಾವ್, ಜಿ.ಟಿ. ನಾರಾಯಣರಾವ್ ಅವರ ಬರಹ ಓದಿ ಪಾಠ ಮಾಡಿದವರು ನಾವು. 1980ರ ಫೆಬ್ರವರಿಯಲ್ಲಿ ಉತ್ತರ ಕರ್ನಾಟಕದ ಮೇಲೆ ಖಗ್ರಾಸ ಗ್ರಹಣ ಹಾದಾಗ ಜನ ಕದ ಹಾಕಿಕೊಂಡಿದ್ದರು. 1995ರ ಗ್ರಹಣದ ಹೊತ್ತಿಗೆ ರಟ್ಟಿಗೆ ಸೂಜಿಯಲ್ಲಿ ತೂತು ಕೊರೆದು, ನೆಲದ ಮೇಲೆ ಬಿದ್ದ ಸೂರ್ಯನ ಬಿಂಬವನ್ನು ಮಕ್ಕಳಿಗೆ ತೋರಿಸುವ ಧೈರ್ಯ ಬಂದಿತ್ತು. 1993ರಲ್ಲಿ ಶುರುವಾದ ಮಕ್ಕಳ ವಿಜ್ಞಾನ ಸಮಾವೇಶ ಇನ್ನೂ ಮುಂದೆ ಹೋಗಿ, ಊರಿನದೇ ಸಮಸ್ಯೆ ಹಿಡಿದು ಅಳೆದು, ಲೆಕ್ಕ ಇಟ್ಟು, ವಾದಿಸಿ ಎಂದಿತು. ಅಂಗಡಿಯಿಂದ ಥರ್ಮಾಕೋಲ್ ಜ್ವಾಲಾಮುಖಿ ತಂದಿಡುವ ಇಂದಿನ ವಸ್ತುಪ್ರದರ್ಶನಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಇಷ್ಟಾದರೂ ಒಂದು ಕೊರತೆ ಉಳಿದೇ ಹೋಯಿತು. ಅನುವಂಶೀಯತೆಯ ಪಾಠ ಬಂದಾಗ ನಮ್ಮ ಮಕ್ಕಳು ಕಾಣದ ದೇಶದ ಮೆಂಡೆಲನ ಬಟಾಣಿ ಗಿಡದ ಚಿತ್ರ ಬರೆಯುತ್ತಾರೆ. ಪಕ್ಕದಲ್ಲೇ ನಡೆದ ಕೆಲಸ ಪಾಠದೊಳಗೆ ಬರಲಿಲ್ಲ. ಮಂಡ್ಯದ ಪಕ್ಕದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ತಂದರು. ರಾಗಿಯ ಹೂವು ಅತಿ ಸಣ್ಣದು, ತನ್ನಲ್ಲೇ ಪರಾಗಸ್ಪರ್ಶವಾಗುವಂಥದ್ದು. ಎರಡು ತಳಿ ಕೂಡಿಸುವುದು ಎಷ್ಟು ತಾಳ್ಮೆಯ ಕೆಲಸ ಎಂಬುದನ್ನು ಗಿಡದ ಮುಂದೆ ನಿಂತೇ ತಿಳಿಯಬೇಕು. ಅದೇ ಫಾರಂನಿಂದ ಕೆ.ಆರ್.ಎಚ್.-2 ಹೈಬ್ರಿಡ್ ಭತ್ತ ಬಂತು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಘನಿ ಖಾನ್ ನೂರಾರು ದೇಸಿ ಭತ್ತದ ತಳಿಗಳನ್ನು ಬೆಳೆದು ಉಳಿಸಿದ್ದಾರೆ. ಹೈಬ್ರಿಡ್ ಸರಿಯೋ, ದೇಸಿ ಸರಿಯೋ? ಎರಡನ್ನೂ ಪಕ್ಕಪಕ್ಕದ ಮಡಿಯಲ್ಲಿ ಬಿತ್ತಿ, ಗೊಬ್ಬರ, ನೀರು, ಇಳುವರಿಯ ಲೆಕ್ಕ ಬರೆದ ಹುಡುಗಿ ಉತ್ತರಕ್ಕೆ ಯಾರ ಬಾಯನ್ನೂ ನೋಡಬೇಕಿಲ್ಲ.

ಇಂಥ ವಿಚಾರವಿಲ್ಲದೆ ಯಂತ್ರವಷ್ಟೇ ಬಂದರೆ ಏನಾಗುತ್ತದೆ ಎಂಬುದನ್ನೂ ಈ ಜಿಲ್ಲೆ ಕಂಡಿದೆ. 2023ರ ಕೊನೆಯಲ್ಲಿ ಇದೇ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ದಂಧೆ ಬಯಲಾಯಿತು. ಯಂತ್ರ ನಡೆಸುವುದು ಗೊತ್ತಿದ್ದ ಮಾತ್ರಕ್ಕೆ ಅದನ್ನು ವಿಜ್ಞಾನ ಎನ್ನಲಾಗದು. ಹೆಣ್ಣು ಯಾಕೆ ಬೇಡ ಎಂಬ ಪ್ರಶ್ನೆಯನ್ನು ಕೇಳಲು ಕಲಿಸದ ಶಿಕ್ಷಣ ಎಷ್ಟು ರ‍್ಯಾಂಕ್ ತಂದರೂ ಅರೆಬರೆಯೇ.

ಜಿಲ್ಲೆಯ ಪ್ರತಿ ಪ್ರೌಢಶಾಲೆಗೂ ಒಂದು ಪ್ರಯೋಗದ ಮಡಿ ಇರಲಿ, ವರ್ಷಕ್ಕೊಂದು ಬೆಳೆಯ ಲೆಕ್ಕಕ್ಕೆ ಅಂಕ ಸಿಗಲಿ, ವಿ.ಸಿ. ಫಾರಂನ ಗೇಟು ಮಕ್ಕಳಿಗೆ ತೆರೆಯಲಿ. ಇದಕ್ಕೆ ಬೇಕಾದ ಮಣ್ಣು, ನೀರು ಮಂಡ್ಯದಲ್ಲೇ ಇವೆ, ವಿಜ್ಞಾನಿಗಳೂ ಇದ್ದಾರೆ. ಶಿಕ್ಷಣ ಇಲಾಖೆ ಮನಸ್ಸು ಮಾಡಬೇಕು.