ನಮ್ಮ ಆಲ್ಬಮ್ಮಿನಲ್ಲಿ ಮಳೆಗಾಲವಿಲ್ಲ

ನಮ್ಮ ಮನೆಯಲ್ಲಿ ಕಪ್ಪು ಹಾಳೆಗಳ ಎರಡು ಹಳೆಯ ಆಲ್ಬಮ್ಮುಗಳಿವೆ. ಪಟಗಳ ನಾಲ್ಕು ಮೂಲೆಗೂ ತ್ರಿಕೋನದ ಅಂಟುಕಾಗದ ಸಿಕ್ಕಿಸಿ, ಹಾಳೆಗಳ ನಡುವೆ ತೆಳುಕಾಗದವಿಟ್ಟು, ಕೆಳಗೆ ಬಿಳಿಯ ಶಾಯಿಯಲ್ಲಿ ಇಸವಿ ಬರೆದಿದ್ದೇನೆ. ೧೯೭೦ರಿಂದ ೧೯೮೨ರವರೆಗಿನ ಆ ಪಟಗಳನ್ನೆಲ್ಲ ತೆಗೆದವನು ನಾನೇ. ಕಳೆದ ಚಳಿಗಾಲದಲ್ಲಿ ರಜೆಗೆ ಬಂದ ಮೊಮ್ಮಗಳಿಗೆ ಅವನ್ನು ತೋರಿಸುತ್ತಿದ್ದಾಗ ಆಕೆ ಕೇಳಿದಳು: "ಅಜ್ಜ, ನಿಮ್ಮೂರಲ್ಲಿ ನಾಲ್ಕು ತಿಂಗಳು ಮಳೆ ಅಂತೀರಲ್ಲ, ಇದರಲ್ಲಿ ಒಂದು ಹನಿಯೂ ಇಲ್ವಲ್ಲ?"

ನಾನು ನಕ್ಕು ಸುಮ್ಮನಾದೆ. ರಾತ್ರಿ ಒಬ್ಬನೇ ಕುಳಿತು ಎರಡೂ ಆಲ್ಬಮ್ಮುಗಳನ್ನು ಮೊದಲಿನಿಂದ ತಿರುವಿ ಹಾಕಿದೆ. ಹುಡುಗಿ ಹೇಳಿದ್ದು ನಿಜ. ನಮ್ಮದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕು. ಆಗುಂಬೆಯ ಮೋಡಗಳು ನೇರವಾಗಿ ನಮ್ಮ ತೋಟದ ಮೇಲೆಯೇ ಬಂದಿಳಿಯುವಂಥ ಜಾಗ. ಬದುಕಿನ ಮೂರನೆಯ ಒಂದು ಪಾಲನ್ನು ನಾವು ಕಂಬಳಿಕೊಪ್ಪೆಯ ಅಡಿಯಲ್ಲಿಯೇ ಕಳೆದವರು. ಆದರೆ ಆಲ್ಬಮ್ಮಿನ ಪ್ರಕಾರ ಅಲ್ಲಿ ಸದಾ ಬಿಸಿಲು. ಎಲ್ಲರೂ ಸದಾ ಅಂಗಳದಲ್ಲಿಯೇ ನಿಂತಿದ್ದಾರೆ. ಅಡುಗೆಮನೆಯಿಲ್ಲ, ಬಚ್ಚಲಿಲ್ಲ, ಸಂಜೆಯ ದೀಪವಿಲ್ಲ. ದಿನದ ಹದಿನಾರು ಗಂಟೆ ಒಲೆಯ ಮುಂದಿದ್ದ ನನ್ನ ತಾಯಿ ಇಪ್ಪತ್ತಕ್ಕೂ ಹೆಚ್ಚು ಪಟಗಳಲ್ಲಿದ್ದಾರೆ, ಒಂದರಲ್ಲಿಯೂ ಒಲೆಯಿಲ್ಲ.

ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದವನು ನಾನು. ಶಾಸನವೇ ಇರಲಿ, ಕಡತವೇ ಇರಲಿ, ಅದು ಹೇಳಿದ್ದನ್ನು ಓದಿದ ಮೇಲೆ ಅದು ಏನನ್ನು ಹೇಳಿಲ್ಲ, ಏಕೆ ಹೇಳಿಲ್ಲ ಎಂದು ಕೇಳಬೇಕೆಂದು ಮಕ್ಕಳಿಗೆ ಪ್ರತಿವರ್ಷವೂ ಹೇಳುತ್ತಿದ್ದೆ. ನಾನೇ ಸೃಷ್ಟಿಸಿದ ದಾಖಲೆಗೆ ಆ ಪ್ರಶ್ನೆಯನ್ನು ಹಾಕಲು ಹನ್ನೆರಡು ವರ್ಷದ ಹುಡುಗಿ ಬರಬೇಕಾಯಿತು.

ಛಾಯಾಗ್ರಹಣದ ಚರಿತ್ರೆಯಲ್ಲಿ ಇದು ಹೊಸ ಸಂಗತಿಯೇನಲ್ಲ. ಫ್ರಾನ್ಸಿನ ಡಾಗೇರ್ ೧೮೩೮ರಲ್ಲಿ ಪ್ಯಾರಿಸಿನ ಬುಲೆವಾರ್ಡ್ ದ್ಯು ತಾಂಪ್ಲ್ ಎಂಬ ಹೆದ್ದಾರಿಯ ಚಿತ್ರವೊಂದನ್ನು ತೆಗೆದ. ಜನರೂ ಗಾಡಿಗಳೂ ಗಿಜಿಗುಟ್ಟುತ್ತಿದ್ದ ಆ ಬೀದಿ ಚಿತ್ರದಲ್ಲಿ ಬಹುತೇಕ ನಿರ್ಜನವಾಗಿದೆ. ಬೆಳಕು ಫಲಕದ ಮೇಲೆ ನಿಮಿಷಗಟ್ಟಲೆ ಬೀಳಬೇಕಾಗಿದ್ದ ಕಾಲ ಅದು. ನಡೆಯುತ್ತಿದ್ದವರು ಗುರುತೂ ಉಳಿಯದಂತೆ ಅಳಿಸಿಹೋದರು. ಬೂಟಿಗೆ ಪಾಲಿಶ್ ಮಾಡಿಸಿಕೊಳ್ಳಲು ಒಂದೆಡೆ ನಿಂತವನೊಬ್ಬ ಮಾತ್ರ ಸ್ಪಷ್ಟವಾಗಿ ಉಳಿದ.

ನಮ್ಮ ನಾಡಿನ ಉದಾಹರಣೆ ಬೇಕೆಂದರೆ ಹಂಪಿಯೇ ಇದೆ. ಅಲೆಕ್ಸಾಂಡರ್ ಗ್ರೀನ್‌ಲಾ ಮದರಾಸು ಸೈನ್ಯದ ಅಧಿಕಾರಿ. ಛಾಯಾಗ್ರಹಣ ಅವನಿಗೆ ನಮ್ಮ ನಿಮ್ಮಂತೆಯೇ ಹವ್ಯಾಸ. ೧೮೫೬ರಲ್ಲಿ ಅವನು ವಿಜಯನಗರದ ಅವಶೇಷಗಳ ಚಿತ್ರಗಳನ್ನು ತೆಗೆದ. ಗಾಜಿನ ಫಲಕವೂ ಅಲ್ಲ, ಮೇಣ ಸವರಿದ ಕಾಗದವೇ ಅವನ ನೆಗೆಟಿವ್; ಒಂದೊಂದೂ ಒಂದೂವರೆ ಅಡಿಯಷ್ಟು ದೊಡ್ಡದು. ಬಳ್ಳಾರಿಯ ಸೀಮೆಯ ಬಿಸಿಲಿನಲ್ಲಿಯೂ ಅದಕ್ಕೆ ಹಲವು ನಿಮಿಷಗಳ ಬೆಳಕು ಬೇಕಾಗುತ್ತಿತ್ತು. ಕಲ್ಲು ಅಲುಗುವುದಿಲ್ಲವಾದ್ದರಿಂದ ಕಲ್ಲು ಬಂದಿತು. ವಿಠಲ ದೇವಾಲಯದ ಕಲ್ಲಿನ ರಥದ ಮೇಲೆ ಒಂದು ಕಾಲದಲ್ಲಿ ಇಟ್ಟಿಗೆಯ ಶಿಖರವಿತ್ತು, ಆಮೇಲೆ ಅದನ್ನು ತೆಗೆದುಹಾಕಲಾಯಿತು ಎಂಬುದಕ್ಕೆ ಇಂದು ನಮಗಿರುವ ಸಾಕ್ಷ್ಯಗಳಲ್ಲಿ ಅವನ ಚಿತ್ರ ಮುಖ್ಯವಾದುದು. ೧೯೮೩ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕರು ಅವೇ ಜಾಗಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬಿದ್ದದ್ದು ಯಾವುದು, ಎತ್ತಿ ನಿಲ್ಲಿಸಿದ್ದು ಯಾವುದು ಎಂದು ತಿಳಿಯುತ್ತದೆ. ಆದರೆ ಅಂದು ಆ ಬಯಲಿನಲ್ಲಿ ದನ ಅಟ್ಟಿಕೊಂಡು ಹೋದವರು, ನೀರು ಹೊತ್ತವರು ಯಾರೂ ಆ ಕಾಗದದ ಮೇಲೆ ನಿಲ್ಲುವಂತಿರಲಿಲ್ಲ. ಗ್ರೀನ್‌ಲಾ ಅವರನ್ನು ಬಿಟ್ಟನೆನ್ನುವಂತಿಲ್ಲ. ಅವನ ಕಾಗದ ಅವರನ್ನು ಕಾಣಲಾರದಾಗಿತ್ತು.

ನನ್ನ ಕೈಗೆ ಕ್ಯಾಮೆರಾ ಬಂದಾಗ ಆ ಕಾಗದದ ಕಾಲ ಮುಗಿದು ನೂರು ವರ್ಷ ಕಳೆದಿತ್ತು. ಆದರೂ ನಮ್ಮಂಥವರ ಪಾಡು ತೀರ ಬೇರೆಯಾಗಿರಲಿಲ್ಲ. ವಿದೇಶಿ ವಿನಿಮಯದ ಕೊರತೆಯಿಂದ ಹೊರನಾಡಿನ ಕ್ಯಾಮೆರಾಗಳ ಆಮದಿಗೆ ಬಿಗಿಯಾದ ನಿರ್ಬಂಧವಿದ್ದ ದಿನಗಳು ಅವು. ಕೆಲಸಕ್ಕೆ ಸೇರಿದ ಮರುವರ್ಷ, ೧೯೭೦ರಲ್ಲಿ, ನಾನು ಕೊಂಡದ್ದು ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ೩. ಅಂದಿನ ಮಧ್ಯಮವರ್ಗದ ಎಷ್ಟು ಮನೆಗಳ ಮದುವೆ, ನಾಮಕರಣ, ಪ್ರವಾಸಗಳು ಆ ಕಪ್ಪು ಪೆಟ್ಟಿಗೆಯ ಮೂಲಕ ಹಾದುಹೋಗಿವೆಯೋ ಲೆಕ್ಕವಿಲ್ಲ. ಒಂದು ರೀಲಿಗೆ ಹನ್ನೆರಡು ಚೌಕ ಪಟಗಳು. ಬೆನ್ನಿನ ಮೇಲೆ ಕೆಂಪು ಕಿಂಡಿ. ಅದರಲ್ಲಿ ಅಂಕಿ ಕಾಣುವವರೆಗೆ ಗುಂಡಿಯನ್ನು ತಿರುಗಿಸಬೇಕು. ಷಟರಿನ ವೇಗ ಬಹುಮಟ್ಟಿಗೆ ಒಂದೇ, ಸೆಕೆಂಡಿನ ಐವತ್ತನೆಯ ಒಂದು ಪಾಲಿನ ಆಸುಪಾಸು. ಬೆಳಕನ್ನು ಅಳೆಯುವ ಸಾಧನವೇನೂ ಅದರಲ್ಲಿರಲಿಲ್ಲ.

ಫಿಲ್ಮು ಎರಡು ಬಗೆಯದು ಸಿಗುತ್ತಿತ್ತು. ಪೂರ್ವ ಜರ್ಮನಿಯಿಂದ ಬರುತ್ತಿದ್ದ ಓರ್ವೋ. ಆ ದೇಶದೊಡನೆ ರೂಪಾಯಿಯಲ್ಲಿಯೇ ವ್ಯಾಪಾರ ನಡೆಯುತ್ತಿದ್ದುದರಿಂದ ಡಾಲರಿನ ತೊಡಕಿರಲಿಲ್ಲ. ಇನ್ನೊಂದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ 'ಇಂದು'. ೧೯೬೦ರಲ್ಲಿ ಸ್ಥಾಪನೆಯಾಗಿ ೧೯೬೭ರಲ್ಲಿ ಉತ್ಪಾದನೆ ಆರಂಭಿಸಿದ ಆ ಸರಕಾರಿ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಸೂರ್ಯನನ್ನೇ ನಂಬಿಕೊಂಡ ವಸ್ತುವಿಗೆ ಚಂದ್ರನ ಹೆಸರನ್ನಿಟ್ಟವರು ಯಾರೋ ರಸಿಕರೇ ಇರಬೇಕು.

ಸಂಬಳದಲ್ಲಿ ತಿಂಗಳಿಗೊಂದು ರೀಲೂ ಕಷ್ಟವೇ. ಆದ್ದರಿಂದ ಒಂದು ಪಟವೂ ಹಾಳಾಗಬಾರದು ಎಂಬುದು ನಮ್ಮ ಮೊದಲ ಧರ್ಮಸೂತ್ರ. ಸೂರ್ಯ ಬೆನ್ನಿಗಿರಬೇಕು, ತೆಗೆಸಿಕೊಳ್ಳುವವರು ನೆರಳಿನಿಂದ ಹೊರಬರಬೇಕು, ಹೊತ್ತು ಎಂಟರಿಂದ ಹತ್ತು ಅಥವಾ ಮೂರರಿಂದ ಐದು. ಇಷ್ಟನ್ನು ಪಾಲಿಸಿದರೆ ಪಟ 'ಬರುತ್ತಿತ್ತು'. ಪಾಲಿಸಿದ್ದರ ಫಲವಾಗಿ ನಮ್ಮ ಕುಟುಂಬದವರೆಲ್ಲರೂ ಕಣ್ಣು ಕಿರಿದಾಗಿಸಿ, ಹುಬ್ಬು ಗಂಟಿಕ್ಕಿ, ಯಾರ ಮೇಲೋ ಸಿಟ್ಟಾದವರಂತೆ ನಿಂತಿದ್ದಾರೆ. "ನಿಮ್ಮ ಕಡೆಯವರಿಗೆ ಇಷ್ಟು ಸಿಟ್ಟೇಕೆ?" ಎಂದು ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಕೇಳಿದ್ದುಂಟು. ಶಾಲೆಯ ಮಕ್ಕಳ ಪಟಗಳದು ಬೇರೊಂದು ಕಷ್ಟ. ಬಿಸಿಲಿನಲ್ಲಿ ಬಿಳಿಯ ಅಂಗಿ ಉರಿದು ಬರುತ್ತಿತ್ತು. ಅದನ್ನು ಹದಕ್ಕೆ ತರಲು ಹೋದರೆ ಗದ್ದೆಯಲ್ಲಿ ದುಡಿದು ಕಪ್ಪಾದ ಮಕ್ಕಳ ಮುಖಗಳು ಅಂಗಿಯ ಮೇಲಿನ ಮಸಿಯಾಗುತ್ತಿದ್ದವು. ಪೇಟೆಯ ಸ್ಟುಡಿಯೋದವರಿಗೆ ಅಂಗಿ ಬಿಳಿಯಾಗಿ ಬಂದರೆ ಸಾಕು, ಪಟ ಚೆನ್ನಾಗಿದೆ ಎಂದೇ ಲೆಕ್ಕ. ನಾನೂ ಒಪ್ಪಿಕೊಂಡು ಬರುತ್ತಿದ್ದೆ. ಆ ಮುಖಗಳಲ್ಲಿ ಕೆಲವನ್ನು ಇಂದು ನನಗೆ ಗುರುತಿಸಲಾಗುವುದಿಲ್ಲವೆಂಬುದಕ್ಕೆ ವಯಸ್ಸೊಂದೇ ಕಾರಣವಲ್ಲ.

ಇನ್ನು ಮಳೆ. ಬಯಲಿನಲ್ಲಿ ಮೋಡ ಕವಿದಿದ್ದರೂ ಕ್ಲಿಕ್ ಕ್ಯಾಮೆರಾ ಹೇಗೋ ನಿಭಾಯಿಸುತ್ತಿತ್ತು. ಆಷಾಢದಲ್ಲಿ ಅಡಕೆ ತೋಟದ ಒಳಗೆ ಅದರ ಕಣ್ಣು ಕುರುಡು. ನಮ್ಮ ಕಣ್ಣಿಗೆ ಸಾಕಷ್ಟು ಕಾಣುವ ಆ ಹಸಿರು ಮಬ್ಬಿನಲ್ಲಿ ಫಿಲ್ಮಿಗೆ ಬೇಕಾದ ಬೆಳಕಿನ ಎಂಟನೆಯ ಒಂದು ಪಾಲೂ ಇರುತ್ತಿರಲಿಲ್ಲ. ಸಾಲದ್ದಕ್ಕೆ ತೇವಕ್ಕೆ ಲೆನ್ಸಿನ ಮೇಲೆ ಬೂಷ್ಟು ಬಂದೀತೆಂಬ ಭಯ. ಜೂನ್ ಮೊದಲ ವಾರ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ, ಹುರಿದ ಅಕ್ಕಿಯ ಗಂಟಿನೊಡನೆ ಡಬ್ಬಿಯಲ್ಲಿಟ್ಟರೆ ಅದು ಹೊರಬರುತ್ತಿದ್ದುದು ನವರಾತ್ರಿಯ ಆಯುಧಪೂಜೆಗೆ.

ಆ ಡಬ್ಬಿಯ ಮುಚ್ಚಳದ ಹೊರಗೆ ಏನೇನು ನಡೆದುಹೋಯಿತೆಂದು ಈಗ ಲೆಕ್ಕ ಹಾಕುತ್ತೇನೆ. ಗೊರಬು ಹೊದ್ದು ಸಾಲಾಗಿ ಬಾಗಿ ಸಸಿ ನೆಡುತ್ತಿದ್ದ ಹೆಂಗಸರು. ಅವರೊಡನೆ ಆ ಗೊರಬುಗಳೂ ಹೋದವು, ಪ್ಲಾಸ್ಟಿಕ್ ಬಂತು. ಕೊಳೆರೋಗ ತಗಲದಂತೆ ಅಡಕೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದ ಹಳೆಯ ಪದ್ಧತಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಆ ರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ದಾರಿ ತೋರಿಸಿದ್ದರೂ, ನಮ್ಮ ನೆರೆಯ ತೋಟದ ಮುದುಕರೊಬ್ಬರು ನಾನು ನೋಡನೋಡುತ್ತ ಕೊಟ್ಟೆಯನ್ನೇ ಕಟ್ಟುತ್ತಿದ್ದರು. ಜಾರುವ ಮರದ ತುದಿಯಲ್ಲಿ, ಸುರಿವ ಮಳೆಯಲ್ಲಿ, ಒಂದು ಮರದಿಂದ ಇನ್ನೊಂದನ್ನು ಎಳೆದುಕೊಂಡು ದಾಟುತ್ತಿದ್ದ ಅವರ ಚಿತ್ರ ಎಲ್ಲಿಯೂ ಇಲ್ಲ. ಅವರದೂ ಒಂದು ಪಟ ನನ್ನ ಆಲ್ಬಮ್ಮಿನಲ್ಲಿದೆ: ಮಾಘಮಾಸದ ಬಿಸಿಲಿನಲ್ಲಿ, ಜಗುಲಿಯ ಮುಂದೆ, ಮಗನ ಕೋಟು ತೊಟ್ಟು.

ಅಡುಗೆಮನೆಯ ಪಟಕ್ಕೆ ನಾನು ಪ್ರಯತ್ನಿಸಲಿಲ್ಲವೆಂದಲ್ಲ. ೧೯೭೧ರ ಡಿಸೆಂಬರಿನಲ್ಲಿ ಒಮ್ಮೆ ರೀಲಿನ ಕೊನೆಯ ಪಟ ಉಳಿದಿತ್ತು. ನಮ್ಮ ಅಡುಗೆಮನೆಗೆ ಕಿಟಕಿಯೆಂಬುದು ಹೆಸರಿಗೆ; ಬೆಳಕೆಲ್ಲ ಮಾಡಿನ ಒಂದೇ ಗಾಜಿನ ಹೆಂಚಿನಿಂದ. ಹನ್ನೊಂದು ಗಂಟೆಯ ಹೊತ್ತಿಗೆ ಅದರಿಂದ ಬಿಸಿಲಿನ ಕೋಲೊಂದು ಹೊಗೆಯ ನಡುವೆ ಇಳಿದು ಒಲೆಯ ಪಕ್ಕ ನಿಲ್ಲುತ್ತಿತ್ತು. ಅದರ ಚೆಲುವಿಗೆ ಮರುಳಾಗಿ ಗುಂಡಿ ಒತ್ತಿದೆ. ವಾರದ ನಂತರ ಸ್ಟುಡಿಯೋದವರು ಹನ್ನೊಂದು ಪ್ರಿಂಟು ಕೊಟ್ಟು, "ಕೊನೇದು ಕತ್ತಲೆ ಮೇಷ್ಟ್ರೇ, ಹಾಕಿಲ್ಲ" ಎಂದರು. ಅಂಗಳದ ಬಿಸಿಲಿಗೂ ಆ ಒಲೆಯ ಮೂಲೆಗೂ ಬೆಳಕಿನಲ್ಲಿ ಸಾವಿರ ಪಟ್ಟು ಅಂತರವೆಂಬುದು ನನಗೆ ಆಗ ತಿಳಿಯದು. ನಮ್ಮ ಕಣ್ಣು ಬೆಳಕಿಗೂ ಕತ್ತಲೆಗೂ ತಾನೇ ಹೊಂದಿಕೊಂಡು ಆ ಅಂತರವನ್ನು ಮುಚ್ಚಿಬಿಡುತ್ತದೆ, ಫಿಲ್ಮಿಗೆ ಆ ಶಕ್ತಿಯಿಲ್ಲ. ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ಹೇಳಿಬಿಟ್ಟೆ: ಒಳಗೆ ಪಟ ಬರುವುದಿಲ್ಲ.

೧೯೮೨ರಲ್ಲಿ ಸ್ನೇಹಿತರೊಬ್ಬರಿಂದ ರಷ್ಯದ ಜೆನಿಟ್ ಕ್ಯಾಮೆರಾ ಹಳೆಯದೊಂದನ್ನು ಕೊಂಡೆ. ಇಟ್ಟಿಗೆಯಷ್ಟು ಭಾರ. ಬ್ಯಾಟರಿ ಬೇಡದ ಸೆಲೆನಿಯಂ ಮೀಟರು ಅದರ ನೆತ್ತಿಯ ಮೇಲೆಯೇ ಇತ್ತು. ಬೆಳಕಿಗೆ ಹಿಡಿದರೆ ಮುಳ್ಳು ಏಳುತ್ತಿತ್ತು. ಅದಕ್ಕಿಂತ ಮುಖ್ಯವಾಗಿ ಅದರ ಹೀಲಿಯೋಸ್ ಲೆನ್ಸಿನ ಬಾಯಿ ಎರಡರವರೆಗೆ ತೆರೆಯುತ್ತಿತ್ತು. ಆ ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು, ಬೆಳಕು ಹೆಚ್ಚು. ನಾಲ್ಕುನೂರು ಎ.ಎಸ್.ಎ. ಫಿಲ್ಮು ಹಾಕಿ, ಸೆಕೆಂಡಿನ ಮೂವತ್ತನೆಯ ಒಂದು ಪಾಲಿಗೆ ಇಟ್ಟು, ಉಸಿರು ಬಿಗಿಹಿಡಿದರೆ ಅಡುಗೆಮನೆ ಸಿಕ್ಕೀತು ಎಂದು ಕಾಗದದ ಮೇಲೆ ಲೆಕ್ಕ ಮಾಡಿಕೊಂಡೆ. ಅಲ್ಲಿ ಮುಳ್ಳು ಅಲುಗಲೇ ಇಲ್ಲ, ಲೆಕ್ಕವನ್ನೇ ನಂಬಬೇಕಾಯಿತು.

"ಅಮ್ಮ, ನಿನ್ನದೊಂದು ಪಟ" ಎಂದದ್ದೇ ತಡ, ಅಮ್ಮ ಸೀರೆ ಬದಲಿಸಿಕೊಂಡು ಅಂಗಳಕ್ಕೆ ಹೋಗಿ ಸೂರ್ಯನಿಗೆ ಮುಖ ಮಾಡಿ ನಿಂತರು. ಹನ್ನೆರಡು ವರ್ಷ ನಾನು ಕೊಟ್ಟ ಶಿಕ್ಷಣ! ಒಳಗೇ ತೆಗೆಯುತ್ತೇನೆಂದರೆ, "ಒಳಗೆ ಬರೋದಿಲ್ಲ ಅಂತ ನೀನೇ ಹೇಳಿದ್ಯಲ್ಲ ಮಾರಾಯ" ಎಂದರು. ಬಹಳ ಹೇಳಿ ಒಪ್ಪಿಸಿದ ಮೇಲೆ, ಸ್ವಲ್ಪ ಹೊತ್ತು ಬಿಟ್ಟು ಬಾ ಎಂದು ನನ್ನನ್ನು ಹೊರಗೆ ಕಳಿಸಿದರು. ನಾನು ಮರಳಿ ಹೋದಾಗ ಬೆಂಕಿ ನಂದಿಸಿ, ಒಲೆ ಸಾರಿಸಿ, ರಂಗೋಲಿ ಎಳೆದು, ಮಡಕೆ ಕುಡಿಕೆಗಳನ್ನೆಲ್ಲ ಮರೆಗೆ ಸರಿಸಿ, ಮಣೆಯ ಮೇಲೆ ಕೈಕಟ್ಟಿ ಕುಳಿತಿದ್ದರು. ಆ ಪಟ ಚೆನ್ನಾಗಿಯೇ ಬಂದಿದೆ. ಎರಡನೆಯ ಆಲ್ಬಮ್ಮಿನ ಕೊನೆಯ ಪಟ ಅದೇ. ಹೊರಗೋ ಒಳಗೋ ತಿಳಿಯದಷ್ಟು ಒಪ್ಪ ಓರಣವಾಗಿರುವುದರಿಂದಲೇ ಮೇಲೆ ಒಲೆಯಿಲ್ಲವೆಂದು ಬರೆದೆ. ಚೌಕಟ್ಟಿನ ಅಂಚಿನಲ್ಲಿ ರಂಗೋಲಿಯ ಒಂದು ಎಳೆ ಮಾತ್ರ ಇದೆ.

ಮೊಮ್ಮಗಳ ಪ್ರಶ್ನೆಯ ಮರುದಿನ ನೆಗೆಟಿವ್‌ಗಳ ಲಕೋಟೆಗಳನ್ನು ಹುಡುಕಿದೆ. ಸ್ಟುಡಿಯೋದವರು ಪ್ರಿಂಟು ಹಾಕದಿದ್ದರೂ ರೀಲನ್ನು ತುಂಡು ಮಾಡಿ ಪೂರ್ತಿಯಾಗಿ ಹಿಂದಿರುಗಿಸಿದ್ದರು, ಅದೊಂದು ಪುಣ್ಯ. ೧೯೭೧ರ ಹನ್ನೆರಡನೆಯ ಪಟ ಕೈಯಲ್ಲಿ ಹಿಡಿದರೆ ಖಾಲಿ ಗಾಜಿನಂತಿತ್ತು. ಮಗಳು ಅದನ್ನು ಬೆಂಗಳೂರಿಗೆ ಒಯ್ದು ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನಲ್ಲಿ ಎಷ್ಟು ಎತ್ತಬಹುದೋ ಅಷ್ಟು ಎತ್ತಿ ಕಳಿಸಿದಳು. ಸುತ್ತ ಕತ್ತಲೆಯೇ. ಒಂದೆಡೆ ಬೆಂಕಿಯ ಸಣ್ಣ ಕಲೆ. ನಡುವೆ ಹೊಗೆಯಲ್ಲಿ ಓರೆಯಾಗಿ ಇಳಿದ ಬಿಸಿಲುಕೋಲು. ಅದರ ಬುಡದಲ್ಲಿ, ಬೆಳಕು ಬಿದ್ದಷ್ಟೇ ಭಾಗದಲ್ಲಿ, ಬಳೆ ತೊಟ್ಟ ಒಂದು ಮುಂಗೈ, ಪಾತ್ರೆಯ ಅಂಚು, ಕೈಯ ಹಿಡಿಯಲ್ಲಿ ಸೌಟು. ಮೊಳಕೈಯಿಂದ ಮೇಲೆ ಏನೂ ಇಲ್ಲ.

ಆ ಕೈ ಅಮ್ಮನದೆಂದು ನನ್ನ ನೆನಪು. ಅಕ್ಕನಿಗೆ ಫೋನಿನಲ್ಲಿ ಕಳಿಸಿದೆ. ಆಕೆಗೀಗ ಎಂಬತ್ತಮೂರು. ಬಹಳ ಹೊತ್ತು ನೋಡಿ, "ಅಮ್ಮ ಎಡಗೈಯಲ್ಲಿ ಸೌಟು ಹಿಡಿದದ್ದು ನಾನು ಕಂಡಿಲ್ಲ, ಇದು ಚಿಕ್ಕಮ್ಮಂದು" ಎಂದಳು. ನೆಗೆಟಿವನ್ನು ಸ್ಕ್ಯಾನರಿನಲ್ಲಿ ತಿರುವುಮುರುವಾಗಿ ಇಟ್ಟಿದ್ದರೋ ಏನೋ ಎಂದು ಮಗಳನ್ನು ಕೇಳಿದ್ದೇನೆ. ಅಂಚಿನ ಅಕ್ಷರಗಳು ನೇರವಾಗಿ ಓದಿಕೊಳ್ಳುತ್ತವೆಯೇ ಎಂದು ನೋಡಿ ಹೇಳುವೆನೆಂದಿದ್ದಾಳೆ.