ಮೆಜೆಸ್ಟಿಕ್‌ಗೆ ಎಕ್ಸ್‌ಪೈರಿ ಇಲ್ಲ

ವಿಜಯನಗರದಲ್ಲಿ ಬಸ್ ಹತ್ತಿ ‘ಕೆಂಪೇಗೌಡ ಬಸ್ ನಿಲ್ದಾಣ’ ಅಂತ ಟಿಕೆಟ್ ಕೇಳೋರು ಎಷ್ಟು ಜನ? ಎಲ್ಲರೂ ಕೇಳೋದು ಮೆಜೆಸ್ಟಿಕ್ಕೇ. ಹೆಸರು ಕೊಟ್ಟ ಟಾಕೀಸು ಈಗಿಲ್ಲ. ನಮ್ಮ ತಲೆಯ ಕ್ಯಾಶ್‌ಗೆ ಎಕ್ಸ್‌ಪೈರಿ ಇಲ್ಲ.

ಕಂಪ್ಯೂಟರಿಗೂ ಮೊದಲು ಇರಲಿಲ್ಲ. ಅರ್ಪಾನೆಟ್ ಕಾಲದಲ್ಲಿ ಎಲ್ಲ ಯಂತ್ರಗಳ ಹೆಸರು, ವಿಳಾಸ ಒಂದೇ ಫೈಲಿನಲ್ಲಿದ್ದವು. ಹೆಸರು ಹೋಸ್ಟ್ಸ್.ಟಿಎಕ್ಸ್‌ಟಿ. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಾಪಿ ಇಳಿಸಿಕೊಳ್ಳದವರಿಗೆ ಹಳೇ ವಿಳಾಸವೇ ಗತಿ. ಯಂತ್ರಗಳು ಹೆಚ್ಚಿದಂತೆ ಇದು ನಡೆಯದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಅದರ ಜಾಣತನ ಟಿಟಿಎಲ್‌ನಲ್ಲಿದೆ: ಉತ್ತರದ ಜೊತೆಗೇ, ಅದನ್ನು ಎಷ್ಟು ಸೆಕೆಂಡ್ ನೆನಪಿಡಬಹುದು ಅನ್ನೋದೂ ಬರುತ್ತೆ. 86400 ಅಂದರೆ ಒಂದು ದಿನ.

ಹಾಗಾಗಿ ಸರ್ವರ್ ಬದಲಾದ ಮೇಲೂ ರಾಜಾಜಿನಗರದ ಯಾವುದೋ ಆಫೀಸಿನ ಡೆಸ್ಕ್‌ಟಾಪ್ ಹಳೇ ಐಪಿಗೇ ಹೋದರೆ, ಅದು ಕೆಟ್ಟಿದೆ ಅಂತಲ್ಲ. ಹೇಳಿದಷ್ಟು ಹೊತ್ತು ನೆನಪಿಟ್ಟಿದೆ. ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ ಕೊಟ್ಟರೆ ಮರೆಯುತ್ತೆ. ಬ್ರೌಸರನ್ನೂ ಮುಚ್ಚಿ ತೆಗೆಯಿರಿ. ಇಂಟರ್‌ನೆಟ್ ಕೊಡುವವರ ಕ್ಯಾಶ್ ಮಾತ್ರ ನಮ್ಮ ಕೈಯಲ್ಲಿಲ್ಲ, ಟಿಟಿಎಲ್ ಮುಗಿಯೋವರೆಗೆ ಕಾಯಬೇಕು.

ದಿನ ಕಳೆದರೂ ಹಳೇದೇ ಬಂದರೆ ಸಿಸ್ಟಮ್32 ಒಳಗಿನ ಹೋಸ್ಟ್ಸ್ ಫೈಲ್ ನೋಡಿ. ಅರ್ಪಾನೆಟ್‌ನ ಆ ಪಟ್ಟಿಯ ಮರಿ ಅದು. ಯಾರೋ ಟೆಸ್ಟಿಂಗ್‌ಗೆ ಬರೆದಿಟ್ಟ ಸಾಲಿಗೆ ಟಿಟಿಎಲ್ ಇಲ್ಲ. ಕೈಯಾರೆ ಅಳಿಸಬೇಕು.