ಶರಾವತಿಯ ವಿದ್ಯುತ್ತು ಮತ್ತು ಅಮೂಲ್ಯ ರೆಡ್ಡಿಯವರ ಲೆಕ್ಕ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹೊಸನಗರವನ್ನು ಹಾದು ಸಾಗರ ತಾಲ್ಲೂಕಿನ ಜೋಗದಲ್ಲಿ ಧುಮುಕುತ್ತದೆ. ಈ ಮೂರು ತಾಲ್ಲೂಕುಗಳ ಚರಿತ್ರೆಯನ್ನು ಬರೆದವರು ಅರಸುಮನೆತನಗಳಿಗೂ ಶಾಸನಗಳಿಗೂ ಕೊಟ್ಟ ಗಮನವನ್ನು ವಿದ್ಯುತ್ತಿನ ಅಂದಾಜುಪಟ್ಟಿಗಳಿಗೆ ಕೊಟ್ಟಂತೆ ಕಾಣದು. ಆದರೆ ಕಳೆದ ಶತಮಾನದಲ್ಲಿ ಇಲ್ಲಿಯ ಅನೇಕ ಊರುಗಳ ಅಳಿವು ಉಳಿವು ನಿರ್ಣಯವಾದದ್ದು ಆ ಪಟ್ಟಿಗಳಿಂದಲೇ. ಅವುಗಳನ್ನು ಶಾಸ್ತ್ರೀಯವಾಗಿ ಪ್ರಶ್ನಿಸಿದ ಅಮೂಲ್ಯ ಕುಮಾರ ಎನ್. ರೆಡ್ಡಿಯವರು ಮಲೆನಾಡಿನವರಲ್ಲ, ಆದರೂ ಅವರ ಕಾರ್ಯವನ್ನು ಈ ನೆಲದ ಚರಿತ್ರೆಯೊಡನೆ ಇಟ್ಟು ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನ ನೀರಿನಿಂದ 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸವನ್ನಾರಂಭಿಸಿತು. ಪೂರ್ಣಗೊಂಡಾಗ ಅದರ ಸಾಮರ್ಥ್ಯ 120 ಮೆಗಾವಾಟ್. ಅದೂ ಸಾಲದೆಂದು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟನ್ನು ಮುಗಿಸಲಾಯಿತು. ಸಾಗರ, ಹೊಸನಗರಗಳ ಗದ್ದೆ, ತೋಟ, ಕಾಡುಗಳು ಸೇರಿ ಸುಮಾರು 300 ಚದರ ಕಿಲೋಮೀಟರ್ ನೆಲ ಜಲಾವೃತವಾಯಿತು. ಹಿರೇಭಾಸ್ಕರ ಅಣೆಕಟ್ಟೂ ಅದರಲ್ಲಿಯೇ ಮುಳುಗಿತು. ಬಿರುಬೇಸಗೆಯಲ್ಲಿ ಹಿನ್ನೀರು ಇಳಿದಾಗ ಆ ಹಳೆಯ ಕಟ್ಟೆ ತಲೆಯೆತ್ತುವುದನ್ನು ಈಗಲೂ ಕಾಣಬಹುದು. ನೀರಿನಾಚೆ ಉಳಿದ ತುಮರಿಯ ಕಡೆಯ ಜನಕ್ಕೆ ಸೇತುವೆ ದೊರೆತದ್ದು 2025ರ ಜುಲೈಯಲ್ಲಿ. ಒಕ್ಕಲೆದ್ದ ಅನೇಕ ಕುಟುಂಬಗಳ ಭೂಹಕ್ಕಿನ ವಿಷಯವಂತೂ ಇನ್ನೂ ಬಗೆಹರಿದಿಲ್ಲ.

ರೆಡ್ಡಿಯವರು 1930ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು; 2006ರಲ್ಲಿ ನಿಧನರಾದರು. ಅವರ ಮೂಲಶಾಸ್ತ್ರ ವಿದ್ಯುದ್ರಸಾಯನ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದು, ಬಾಕ್ರಿಸ್ ಅವರೊಡನೆ ಆ ಶಾಸ್ತ್ರದ ಪ್ರಸಿದ್ಧ ಪಠ್ಯವನ್ನು ಬರೆದವರು. ಇಂತಹ ವಿದ್ವಾಂಸರು 1974ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ಗ್ರಾಮೀಣ ಪ್ರದೇಶಗಳಿಗಾಗಿ 'ಅಸ್ತ್ರ' ಕೇಂದ್ರವನ್ನು ಸ್ಥಾಪಿಸಿ ಹಳ್ಳಿಯ ಒಲೆಯತ್ತ ತಿರುಗಿದ್ದು ಸಾಮಾನ್ಯ ಸಂಗತಿಯಲ್ಲ. ತುಮಕೂರು ಜಿಲ್ಲೆಯ ಪುರ ಮೊದಲಾದ ಹಳ್ಳಿಗಳಲ್ಲಿ ಅವರ ತಂಡ ನಡೆಸಿದ ಸಮೀಕ್ಷೆಯಿಂದ, ಗ್ರಾಮೀಣ ಶಕ್ತಿಯ ಬಹುಪಾಲು ಸೌದೆಯೇ ಎಂಬುದೂ, ಅದನ್ನು ತರುವ ದುಡಿಮೆಯ ಹೊರೆ ಹೆಚ್ಚಾಗಿ ಹೆಂಗಸರ ಮತ್ತು ಮಕ್ಕಳ ಮೇಲಿದೆಯೆಂಬುದೂ ವಿದಿತವಾದುವು. (ಅದು ಬಯಲುಸೀಮೆಯ ಲೆಕ್ಕ. ನಮ್ಮ ಬಚ್ಚಲ ಹಂಡೆಯನ್ನೂ ಅಡಕೆ ಬೇಯಿಸುವ ಒಲೆಯನ್ನೂ ಎಣಿಕೆಗೆ ತಂದಿದ್ದರೆ ಅಂಕಿಗಳು ಇನ್ನೂ ಕುತೂಹಲಕರವಾಗುತ್ತಿದ್ದುವು.) ಶಕ್ತಿಯನ್ನು ಎಷ್ಟು ಉತ್ಪಾದಿಸಿದೆವೆಂದಲ್ಲ, ಯಾರಿಗೆ ಯಾವ ಕೆಲಸ ಆಯಿತೆಂದು ಅಳೆಯಬೇಕೆಂಬ ಅವರ ನಿಲುವು ಇಲ್ಲಿಂದಲೇ ಬೆಳೆಯಿತೆಂದು ನಮ್ಮ ಊಹೆ.

ಈ ನಿಲುವು ರಾಜ್ಯದ ಮಟ್ಟಕ್ಕೆ ಏರಿದ ಸಂದರ್ಭ ವಿಶೇಷವಾಗಿ ಗಮನಾರ್ಹ. 1987ರಲ್ಲಿ ಸರ್ಕಾರದ ದೀರ್ಘಾವಧಿ ಯೋಜನಾ ಸಮಿತಿಯು, ಶತಮಾನಾಂತ್ಯದಲ್ಲಿ ಕರ್ನಾಟಕಕ್ಕೆ ಸುಮಾರು 9,400 ಮೆಗಾವಾಟ್ ಸಾಮರ್ಥ್ಯ ಬೇಕೆಂದು ಅಂದಾಜು ಮಾಡಿತು. ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ 1991ರಲ್ಲಿ ಪ್ರಕಟಿಸಿದ ಪ್ರತಿಯೋಜನೆಯಲ್ಲಿ ಅದು ಸುಮಾರು 4,000 ಮೆಗಾವಾಟಿಗೆ ಇಳಿಯಿತು. ಇದು ಬಡವರ ಪಾಲನ್ನು ಕಡಿದು ಮಾಡಿದ ಉಳಿತಾಯವಲ್ಲ. ಎಲ್ಲ ಮನೆಗಳಿಗೂ ದೀಪ ಸಿಗಬೇಕೆಂಬುದು ಅದರ ಅಂಗವೇ ಆಗಿತ್ತು. ದೀಪ, ಪಂಪುಸೆಟ್ಟು, ನೀರು ಕಾಯಿಸುವ ಯಂತ್ರ ಎಂದು ಒಂದೊಂದು ಬಳಕೆಯನ್ನೂ ಬೇರೆಬೇರೆಯಾಗಿ ಎಣಿಸಿ, ಕಡಮೆ ವಿದ್ಯುತ್ತಿನಲ್ಲಿ ಅದೇ ಕೆಲಸ ಸಾಗುವ ಕಡೆ ಬದಲಾವಣೆಯನ್ನು ಸೂಚಿಸಲಾಗಿತ್ತು. ಸರ್ಕಾರ ಆ ಯೋಜನೆಯನ್ನು ಇಡಿಯಾಗಿ ಕೈಗೊಳ್ಳಲಿಲ್ಲ. ಇಂತಹ ಎಣಿಕೆ ಲಿಂಗನಮಕ್ಕಿಗೆ ಮೊದಲು ನಡೆದಿದ್ದರೆ ಅಣೆಕಟ್ಟೇ ಬೇಡವಾಗುತ್ತಿತ್ತೆಂದು ಹೇಳುವುದು ಸಾಹಸವಾದೀತು. ಕಟ್ಟೆಯ ಎತ್ತರವಾದರೂ ಚರ್ಚೆಗೆ ಬರುತ್ತಿತ್ತೆನ್ನಲು ಅಡ್ಡಿಯಿಲ್ಲ.

ಈಗ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಯೋಜನೆಯೊಂದು ವಿವಾದದಲ್ಲಿದೆ. ಬಿಸಿಲು ಗಾಳಿಗಳ ವಿದ್ಯುತ್ತು ಮಿಗುವ ಹೊತ್ತಿನಲ್ಲಿ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಡುವುದು ಅದರ ಕ್ರಮ. ಎತ್ತಲು ತಗಲುವ ವಿದ್ಯುತ್ತು ಮರಳಿ ದೊರೆಯುವುದಕ್ಕಿಂತ ಹೆಚ್ಚು. ಅದರ ಸುರಂಗಗಳು ಸಾಗುವುದು ಸಿಂಗಳೀಕಗಳ ಅಭಯಾರಣ್ಯದ ಅಡಿಯಲ್ಲಿ. ಪರ ವಿರೋಧಗಳ ವಾದದಲ್ಲಿ ಸಾಮರ್ಥ್ಯದ ಅಂಕಿ ಪದೇ ಪದೇ ಕೇಳಿಬರುತ್ತದೆ. ಏರುವ ಆ ಬೇಡಿಕೆಯಲ್ಲಿ ಯಾವ ಬಳಕೆಯ ಪಾಲು ಎಷ್ಟೆಂಬ, ರೆಡ್ಡಿಯವರು ಮೊದಲು ಕೇಳುತ್ತಿದ್ದ ವಿವರ ವಿರಳವಾಗಿ ಕೇಳಿಬರುತ್ತದೆ.